ಬೋರ್ಡ್ ಒಂದೇ ಸಾಲದು

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್. ಇಲ್ಲಿ ದುಬೈನಲ್ಲಿ ಒಂಬತ್ತು ವರ್ಷ ವೈರ್ ಎಳೆದು ಕೂಡಿಟ್ಟಿದ್ದರಲ್ಲಿ ನಾಲ್ಕು ಲಕ್ಷ ಕಳೆದುಕೊಂಡವನು. ಅದಕ್ಕೇ ಈ ಮಾತು.

ದಾವಣಗೆರೆಯಲ್ಲಿ ನಾನೂ ಭಾವನೂ ಸೇರಿ, ಮನೆ-ಸೈಟು ಮಾರಿಸುವ ಕಂಪನಿಯೊಂದರ ಫ್ರಾಂಚೈಸಿ ತಗೊಂಡ್ವಿ. ಮೊದಲು ಹೆಸರಿಗೆ ಶುಲ್ಕ, ಆಮೇಲೆ ಪ್ರತಿ ಕಮಿಷನ್‌ನಲ್ಲೂ ಪಾಲು. ಬೋರ್ಡ್ ಬಂತು, ತರಬೇತಿ ಬರಲಿಲ್ಲ, ಗಿರಾಕಿಯೂ ಬರಲಿಲ್ಲ. ಹತ್ತೇ ತಿಂಗಳಿಗೆ ಬಾಗಿಲು ಹಾಕಿದ್ವಿ.

ಆಮೇಲೆ ಗೆದ್ದವರ ಕಥೆ ಹುಡುಕಿದೆ. ರೀಮ್ಯಾಕ್ಸ್ 1973ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಶುರುವಾಯಿತು. ಏಜೆಂಟರು ಕಚೇರಿ ಖರ್ಚಿನಲ್ಲಿ ಪಾಲು ಕೊಟ್ಟು, ಕಮಿಷನ್‌ನ ಬಹುಪಾಲು ತಾವೇ ಇಟ್ಟುಕೊಳ್ಳುವ ಪದ್ಧತಿ ಅವರದು. ಚೆನ್ನಾಗಿ ದುಡಿಯುವವರು ಅಲ್ಲಿಗೆ ಬಂದರು. ಒಂದೂರಿನ ಕಚೇರಿ ಇನ್ನೊಂದೂರಿಗೆ ಗಿರಾಕಿ ಕಳಿಸುತ್ತೆ. ಗೆಲುವು ಜನರಲ್ಲಿದೆ, ಬೋರ್ಡಿನಲ್ಲಲ್ಲ.

ಕಂಪನಿ ಹೆಸರು ಮೇನ್ ಲೈನ್ ಇದ್ದ ಹಾಗೆ. ಅರ್ಥಿಂಗ್ ಊರಲ್ಲೇ ಆಗಬೇಕು. ಖಾತೆ, ಪಹಣಿ, ಋಣಭಾರ ಪತ್ರ ಓದಬಲ್ಲ, ಊರವರು ನಂಬುವ ಒಬ್ಬ ಮನುಷ್ಯ ದಿನಾ ಅಂಗಡಿಯಲ್ಲಿ ಕೂರಬೇಕು. ಇಲ್ಲಿಂದ ಫೋನಿನಲ್ಲಿ ನಡೆಸೋಕಾಗಲ್ಲ.

ದುಡ್ಡು ಹಾಕೋ ಮುಂಚೆ ಮೂರು ಮಾತು ಕೇಳಿ. ತರಬೇತಿ ಎಷ್ಟು ದಿನ? ಈಗಾಗಲೇ ಫ್ರಾಂಚೈಸಿ ತಗೊಂಡವರ ನಂಬರ್ ಕೊಡ್ತೀರಾ? ಮುಚ್ಚಿದರೆ ಎಷ್ಟು ವಾಪಸ್? ಇನ್ನು, 2016ರ ರೇರಾ ಕಾಯ್ದೆಯಡಿ ನೋಂದಾಯಿತ ಲೇಔಟು, ಅಪಾರ್ಟ್‌ಮೆಂಟು ಮಾರಿಸುವ ಏಜೆಂಟರಿಗೂ ನೋಂದಣಿ ಬೇಕು. ದೊಡ್ಡ ಹೆಸರಿದೆ ಅಂತ ಅದನ್ನು ಬಿಡಬೇಡಿ.

ಭಾವ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.