ಮತವೂ ಅನ್ನವೂ

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪ್ರಜಾಪ್ರಭುತ್ವದಿಂದ ಹೊಟ್ಟೆ ತುಂಬುವುದೇ ಎಂಬ ಪ್ರಶ್ನೆಯನ್ನು ಪಂಡಿತರು ದೇಶದೇಶಗಳ ಅಂಕಿ ಅಂಶಗಳನ್ನಿಟ್ಟುಕೊಂಡು ಚರ್ಚಿಸುವುದುಂಟು. ನಾವು ಅಷ್ಟು ದೂರ ಹೋಗಬೇಕಾದುದಿಲ್ಲ. ಬೀದರ, ಕಲಬುರಗಿ, ರಾಯಚೂರುಗಳ ಚರಿತ್ರೆಯೇ ಸಾಕು. ಈ ಸಭೆಯಲ್ಲಿರುವ ಅನೇಕರ ಮನೆತನಗಳು ಅಲ್ಲಿಂದಲೇ ಬಂದವು.

ಒಂದೇ ನುಡಿಯ ಜನ ಎರಡು ಅರಸೊತ್ತಿಗೆಗಳಲ್ಲಿ ಬಾಳಿದರು. ಮೈಸೂರಿನಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಕೂಡಿತು. ಅದಕ್ಕೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳುವ ಅವಕಾಶ ಮಾತ್ರವಿತ್ತು. ಆದರೂ ದಿವಾನರು ಸಂಸ್ಥಾನದ ಆಯವ್ಯಯವನ್ನು ಅದರ ಮುಂದೆ ಹೇಳುವ ಪದ್ಧತಿ ಬೆಳೆಯಿತು. ಮುಂದೆ 1911ರಲ್ಲಿ ಆರ್ಥಿಕ ಸಮ್ಮೇಳನ, 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿದವು. ನಿಜಾಮರ ಬೊಕ್ಕಸವೇನೂ ಬಡವಾಗಿರಲಿಲ್ಲ. ಆದರೆ ಸಾಮಾನ್ಯ ರೈತನ ಪರವಾಗಿ ಲೆಕ್ಕ ಕೇಳುವ ಸಭೆ ಅಲ್ಲಿ ಬಹುಕಾಲ ಇರಲಿಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಕಲಿಕೆ ಉರ್ದುವಿನಲ್ಲಿ ನಡೆಯಿತು.

1948ರಲ್ಲಿ ಆ ಆಳಿಕೆ ಮುಗಿಯಿತು. 1952ರಲ್ಲಿ ನಮ್ಮ ಹಿರಿಯರು ಮತ ಹಾಕಿದರು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಆಮೇಲೆ ಎಲ್ಲವೂ ನೆಟ್ಟಗಾಯಿತೆ? ಇಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 175 ತಾಲ್ಲೂಕುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಎಣಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವೇ! ಅರ್ಧ ಶತಮಾನ ಮತ ಹಾಕಿದ ಫಲ ಇದೇ ಏನು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ.

ಆದರೆ ಈ ಲೆಕ್ಕ ಹೊರಬಿದ್ದುದು ಹೇಗೆ ಎಂಬುದನ್ನೂ ಯೋಚಿಸಬೇಕು. ಸರ್ಕಾರ ತಾನೇ ನೇಮಿಸಿದ ಸಮಿತಿ ಸರ್ಕಾರದ ಕೊರತೆಯನ್ನು ತಾಲ್ಲೂಕುವಾರು ಬರೆದುಕೊಟ್ಟಿತು. ಬಹುಕಾಲದಿಂದ ನಡೆದಿದ್ದ ಹೋರಾಟಕ್ಕೆ ಆ ಅಂಕಿಗಳು ಬಲವಾದವು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿತು. ಅದರಿಂದ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ, ವಿದ್ಯೆ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯೂ ದೊರೆತವು. ತಡವಾಯಿತು, ನಿಜ, ಆದರೆ ಬೇಡಿಕೆಯನ್ನು ಮತ್ತೆ ಮತ್ತೆ ಮುಂದಿಡಲು ದಾರಿಯಿದ್ದುದರಿಂದಲೇ ಅಷ್ಟಾದರೂ ಆಯಿತು.

ಬ್ಯಾಂಕಿನ ಗುಮಾಸ್ತನಾದ ನನಗೆ ತೋರುವುದಿಷ್ಟು: ಮತವು ಠೇವಣಿಯಲ್ಲ, ಇಟ್ಟು ಮರೆತರೆ ಅದಕ್ಕೆ ಬಡ್ಡಿ ಕೂಡುವುದಿಲ್ಲ. ಅದು ಲೆಕ್ಕದ ಪುಸ್ತಕ ತೆಗೆಸಿ ನೋಡುವ ಹಕ್ಕು. ಸಹಕಾರ ಸಂಘದ ಸದಸ್ಯನು ವಾರ್ಷಿಕ ಸಭೆಗೇ ಬಾರದೆ, ಲಾಭಾಂಶ ಸಾಲದೆಂದು ದೂರಿದರೆ ಏನು ಪ್ರಯೋಜನ?

ಆದುದರಿಂದ ಊರಿಗೆ ಹೋದಾಗ ಜಾತ್ರೆ ನೋಡಿ, ನೆಂಟರನ್ನು ಮಾತಾಡಿಸಿ. ಜೊತೆಗೆ, ನಮ್ಮೂರ ಶಾಲೆಗೆ ಮಂಡಳಿಯ ಹಣ ಎಷ್ಟು ಬಂತು, ಎಷ್ಟು ವೆಚ್ಚವಾಯಿತು ಎಂದೂ ಕೇಳಿ. ನಾಡಹಬ್ಬದ ದಿನ ಇದಕ್ಕಿಂತ ದೊಡ್ಡ ಸಂಕಲ್ಪ ನನಗೆ ತೋಚದು.