ಮಾತಿಗೂ ಒಂದು ಸುಂಕದಕಟ್ಟೆ

(ಮಠದ ಮಹೋತ್ಸವದ ಅಂಗವಾಗಿ ಸುಂಕದಕಟ್ಟೆಯಲ್ಲಿ ಸೇರಿದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು. ಎರಡು ಮಾತೆಂದು ಆರಂಭಿಸಿ ಎರಡು ತಾಸು ಮಾತನಾಡುವುದು ನಮ್ಮಂತಹ ಪಂಡಿತರ ರೂಢಿ. ಇಂದಿನ ವಿಷಯವೇ ಮಾತಿನ ಮಿತಿಯಾದುದರಿಂದ ನಾನು ಎಚ್ಚರದಿಂದಿರಬೇಕಾಗಿದೆ.

ಬೆಂಗಳೂರಿನಿಂದ ಮಾಗಡಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಹೆಸರೇ ನನಗೆ ಇಂದಿನ ವಿಷಯವನ್ನು ಒದಗಿಸಿತು. ಸಂಸ್ಕೃತದ ಶುಲ್ಕವು ಕನ್ನಡದಲ್ಲಿ ಸುಂಕವಾಯಿತು. ಸುಂಕದ ಕಟ್ಟೆಯೆಂದರೆ ಸರಕು ತುಂಬಿದ ಬಂಡಿಯು ನಿಂತು, ಒಳಗಿರುವುದೇನೆಂದು ತೋರಿಸಿ, ಸಲ್ಲತಕ್ಕದ್ದನ್ನು ಸಲ್ಲಿಸಿ ಮುಂದೆ ಸಾಗತಕ್ಕ ಸ್ಥಳ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಸುಂಕದವನು ನಿರ್ದಯನೆಂದು ಹೇಳುವುದಕ್ಕೆ ಈ ಗಾದೆಯನ್ನು ಬಳಸುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಬಂಡಿಯವನು ಎಷ್ಟೇ ಕಥೆ ಹೇಳಲಿ, ಸುಂಕದವನು ಚೀಲವನ್ನು ಬಿಚ್ಚಿ ನೋಡುತ್ತಾನೆ. ಮಾತನ್ನು ಬಿಟ್ಟು ಸರಕನ್ನು ನೋಡುವ ಈ ಗುಣವು ಕೆಲಸ ಮಾಡುವವರಿಗೂ ಮಾಡಿಸುವವರಿಗೂ ಅವಶ್ಯವಾದುದು.

ನಮ್ಮ ಹಿರಿಯರು ಮಾತಿಗೆ ಬಹಳ ಸುಂಕವನ್ನು ವಿಧಿಸಿದ್ದರು. ಪಾಣಿನಿಮಹರ್ಷಿಯು ಸಂಸ್ಕೃತ ಭಾಷೆಯಂತಹ ಮಹಾಸಾಗರವನ್ನು ಸುಮಾರು 4,000 ಸೂತ್ರಗಳಲ್ಲಿ ಅಡಗಿಸಿದನು. ಅರ್ಧ ಮಾತ್ರೆಯಷ್ಟು ಉಳಿತಾಯವಾದರೆ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವೆಂದು ಪಾಠಶಾಲೆಯಲ್ಲಿ ಹೇಳುತ್ತಿದ್ದುದುಂಟು. ಕನ್ನಡದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದಾಗ ಅದೇ ಹಾದಿಯನ್ನು ಹಿಡಿದನು. ಇನ್ನು ವಚನಗಳ ವಿಷಯವನ್ನು ಹೇಳತಕ್ಕದ್ದೇನಿದೆ? ಪಂಡಿತರು ಒಂದು ಸಂಪುಟದಲ್ಲಿ ಹೇಳುವುದನ್ನು ಶರಣರು ಐದಾರು ಸಾಲುಗಳಲ್ಲಿ ಹೇಳಿ ಸುಮ್ಮನಾದರು. ತಾಳೆಗರಿಯ ಕಟ್ಟುಗಳಲ್ಲಿ ಚೆದುರಿಹೋಗಿದ್ದ ಆ ಮಾತುಗಳನ್ನು ಫ. ಗು. ಹಳಕಟ್ಟಿಯವರು ಅರಸಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು.

ಆದರೆ ಇಂದಿನ ಕಚೇರಿಯ ಕನ್ನಡವನ್ನು ನೋಡಿರಿ. 1963ನೆಯ ಇಸವಿಯ ಶಾಸನದಿಂದ ಕನ್ನಡವು ನಮ್ಮ ರಾಜ್ಯದ ಆಡಳಿತಭಾಷೆಯಾಯಿತು, ಸಂತೋಷ. ಆದರೂ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ತಿಳಿಸಬೇಕಾದವನು, ಮೇಲ್ಕಂಡ ವಿಷಯಕ್ಕೆ ಸಂಬಂಧಪಟ್ಟಂತೆ ತಮ್ಮಲ್ಲಿ ಸವಿನಯವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ ಎಂದು ತೊಡಗುತ್ತಾನೆ. ನೀರಿನ ಮಾತು ಬರುವಷ್ಟರಲ್ಲಿ ಓದುವವನ ಗಂಟಲು ಒಣಗಿರುತ್ತದೆ. ಉತ್ತರವೂ ಇದೇ ಧಾಟಿಯಲ್ಲಿ ಬರುತ್ತದೆ: ಪರಿಶೀಲಿಸಿ ಸೂಕ್ತ ಕ್ರಮವನ್ನು ಕೈಗೊಳ್ಳಲಾಗುವುದು. ಯಾರು, ಯಾವಾಗ, ಏನು ಮಾಡುವರು? ಆ ಮೂರೂ ಅದರಲ್ಲಿಲ್ಲ. ಬೇಕಾದುದನ್ನು ಮುಚ್ಚುವ ಮಾತೇ ಅತಿಮಾತು. ಅದು ಉದ್ದವಾಗಿಯೇ ಇರಬೇಕೆಂಬ ನಿಯಮವೂ ಇಲ್ಲ.

ಇನ್ನು ಸೇವಕರ ವಿಷಯ. ಈ ಸಭೆಯಲ್ಲಿ ಪೀಣ್ಯ, ಕಾಮಾಕ್ಷಿಪಾಳ್ಯಗಳ ಕಾರ್ಖಾನೆಗಳಲ್ಲಿ ದುಡಿಯುವವರಿದ್ದೀರಿ. ನಾಲ್ಕಾರು ಜನರನ್ನಿಟ್ಟುಕೊಂಡು ದುಡಿಸುವವರೂ ಇದ್ದೀರಿ. ಒಳ್ಳೆಯ ಸೇವಕನ ಲಕ್ಷಣಗಳು ನನಗೆ ತೋರಿದಂತೆ ಇವು. ಅಪ್ಪಣೆಯು ಸ್ಪಷ್ಟವಾಗದಿದ್ದರೆ ಕೆಲಸಕ್ಕೆ ಮೊದಲೇ ಕೇಳುತ್ತಾನೆ. ಕೆಟ್ಟ ಸುದ್ದಿಯನ್ನು ಮೊದಲು ತಿಳಿಸುತ್ತಾನೆ. ಒಳ್ಳೆಯ ಸುದ್ದಿಯು ತಾನೇ ತಿಳಿಯುತ್ತದೆಂದು ಬಲ್ಲನು. ಆಗದುದನ್ನು ಆಗದೆನ್ನುತ್ತಾನೆ. ಕಷ್ಟದ ಸೇವಕರಲ್ಲಿ ಮೂರು ಬಗೆ. ಮಾಡದ ಕೆಲಸವನ್ನು ಮಾತಿನಿಂದ ತುಂಬಿಸುವವನು ಒಬ್ಬ. ಎಲ್ಲಕ್ಕೂ ಹೂಂಗುಟ್ಟಿ ಏನನ್ನೂ ಮಾಡದವನು ಇನ್ನೊಬ್ಬ. ಕೆಲಸದಲ್ಲಿ ನಿಪುಣನಾದರೂ ಮುನಿಸಿನಿಂದ ಬಾಯಿ ಬಿಗಿದುಕೊಂಡು, ತಪ್ಪು ನಡೆಯುತ್ತಿದ್ದರೂ ನನಗೇಕೆಂದು ಸುಮ್ಮನಿರುವವನು ಮೂರನೆಯವನು. ಇವನ ಮೌನವನ್ನು ಮಿತಭಾಷಣವೆಂದು ತಿಳಿಯಬೇಡಿರಿ. ಹೇಳಬೇಕಾದುದನ್ನು ಹೇಳದಿರುವುದೂ ಸುಂಕ ತಪ್ಪಿಸಿದಂತೆಯೇ ಸರಿ.

ಜಗಜ್ಯೋತಿ ಬಸವಣ್ಣನವರೂ ಸೇವಕರಾಗಿದ್ದರೆಂಬುದನ್ನು ನಾವು ಮರೆಯುತ್ತೇವೆ. ಅವರು ಬಿಜ್ಜಳನ ಭಂಡಾರಿಗಳು. ಭಂಡಾರವನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂದು ಕೊಂಡೆಯರು ದೂರಿದಾಗ, ಎಣಿಸಿ ನೋಡಲು ಒಂದು ಹಣವೂ ಕಡಮೆಯಾಗಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ದೂರಿಗೆ ಲೆಕ್ಕವೇ ಉತ್ತರವಾಯಿತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ಹಿಂದಿರುಗಿಸಿ ಬರಹೇಳಿದರು. ತಮ್ಮ ಊರಿನ ಹೆಸರಿಗೊಪ್ಪುವ ಶರಣರೊಬ್ಬರೂ ಇದ್ದಾರೆ. ಅವರು ಸುಂಕದ ಬಂಕಣ್ಣನವರು. ಬಂಕೇಶ್ವರಲಿಂಗ ಅವರ ಅಂಕಿತ. ಸುಂಕ ವಸೂಲು ಮಾಡುವವನನ್ನು ಲೋಕವು ಶಪಿಸುತ್ತದೆ. ಶರಣರ ಗಣವಾದರೋ ಆ ಕಾಯಕದವನನ್ನೂ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡಿತು. ಲೆಕ್ಕವು ನೆಟ್ಟಗಿದ್ದರೆ ಯಾವ ಕಾಯಕವೂ ಕೀಳಲ್ಲ.

ಈಗ ನನ್ನದೇ ಒಂದು ತಪ್ಪನ್ನು ಒಪ್ಪಿಸುವೆನು. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಪಾಠಶಾಲೆಯಲ್ಲಿ ವಿದ್ಯಾರ್ಥಿಗಳ ದಾಸೋಹದ ಮೇಲ್ವಿಚಾರಣೆಯು ನನ್ನದಾಗಿತ್ತು. ಉಗ್ರಾಣದವನು ವಾಚಾಳಿ; ಪ್ರತಿದಿನ ಬೆಳಗ್ಗೆ ತಾನು ಪಟ್ಟ ಶ್ರಮವನ್ನು ವರ್ಣಿಸುತ್ತಿದ್ದನು, ನಡುವೆ ನನ್ನ ವಿದ್ವತ್ತನ್ನೂ ಹೊಗಳುತ್ತಿದ್ದನು. ನೀರು ಹೊರುವ ಇನ್ನೊಬ್ಬನು ದಿನಕ್ಕೆ ನಾಲ್ಕು ಮಾತನ್ನೂ ಆಡುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಅವನು ಬಂದು, ರಾಗಿ ಚೀಲದ ಅಡಿ ಒದ್ದೆಯಾಗಿದೆ ಎಂದನು. ನಾನು ಉಗ್ರಾಣದವನನ್ನು ಕರೆಸಿದೆನು. ಅವನು ಮಳೆ, ಹಂಚು, ಗೋಡೆ, ತನ್ನ ನಿಷ್ಠೆ ಇವುಗಳ ಮೇಲೆ ಅರ್ಧ ತಾಸು ಉಪನ್ಯಾಸ ಮಾಡಿದನು. ನನಗೆ ತೃಪ್ತಿಯಾಯಿತು. ಹತ್ತು ಹೆಜ್ಜೆ ನಡೆದು ಚೀಲವನ್ನು ಮುಟ್ಟಿ ನೋಡಲಿಲ್ಲ; ತನಗೆ ಸಂಬಂಧಿಸದ ವಿಷಯಕ್ಕೆ ಬಾಯಿ ಹಾಕಿದನೆಂದು ನೀರಿನವನನ್ನೇ ಗದರಿಸಿದೆನು. ಎರಡು ವಾರಗಳಲ್ಲಿ ನಾಲ್ಕು ಚೀಲ ರಾಗಿ ಬೂಷ್ಟು ಹಿಡಿದು ಹಾಳಾಯಿತು. ಮಕ್ಕಳು ಒಂದು ವಾರ ರಾತ್ರಿ ಗಂಜಿಯನ್ನು ಕುಡಿದು ಮಲಗಿದರು.

ಗುರುಗಳಿಗೆ ವಿವರವನ್ನು ಬರೆದು ಒಪ್ಪಿಸಿದೆನು. ಮೂರು ಪುಟಗಳು, ಶುದ್ಧವಾದ ಗ್ರಾಂಥಿಕ ಭಾಷೆ. ಅವರು ಓದಿ, ಹಾಳೆಯನ್ನು ಹಿಂದಕ್ಕೆ ಕೊಟ್ಟು, ಹೇಳಿದವನು ಯಾರು, ಕೇಳದವನು ಯಾರು ಎಂದಷ್ಟೇ ಕೇಳಿದರು. ಮೂರು ಪುಟಗಳಲ್ಲಿ ಅದೊಂದು ಇರಲಿಲ್ಲ. ಆಗ ನನಗೆ ಹೊಳೆಯಿತು: ಆ ಪಾಠಶಾಲೆಯಲ್ಲಿ ಮಾತಿನಿಂದ ಕೆಲಸವನ್ನು ಮುಚ್ಚುವ ಸೇವಕರು ಇಬ್ಬರಿದ್ದರು, ಎರಡನೆಯವನು ನಾನು. ನೀರಿನವನ ಬಳಿಗೆ ಹೋಗಿ, ತಪ್ಪಾಯಿತೆಂದೆನು. ಅವನು, ಚೀಲದ ಕೆಳಗೆ ಹಲಗೆ ಹಾಕಿಸಿ ಬುದ್ಧಿ ಎಂದು ಹೇಳಿ ಕೊಡವನ್ನು ಹೊತ್ತು ಹೊರಟನು.

ಆದುದರಿಂದ ಧಣಿಗಳಲ್ಲಿ ನನ್ನ ಬಿನ್ನಹವಿಷ್ಟು. ಸೇವಕನು ವಾಚಾಳಿಯಾಗುವುದು ಬಹುಮಟ್ಟಿಗೆ ನಮ್ಮ ಕಿವಿಯ ದೋಷದಿಂದ. ಹೊಗಳಿಕೆಗೆ ಬೆಲೆ ಕೊಟ್ಟರೆ ಹೊಗಳಿಕೆಯೇ ಬೆಳೆಯುತ್ತದೆ. ಕೆಟ್ಟ ಸುದ್ದಿ ತಂದವನನ್ನು ಗದರಿಸಿದರೆ ಮುಂದಿನ ಸುದ್ದಿ ಬಾರದು. ಮುನಿಸಿನವನನ್ನು ದೂಷಿಸುವ ಮೊದಲು, ಅವನು ಹಿಂದೊಮ್ಮೆ ಹೇಳಿದ ನಿಜಕ್ಕೆ ನಾವೇನು ಕೊಟ್ಟೆವೆಂದು ನೆನೆಯಬೇಕು. ಸೇವಕರಲ್ಲಿಯೂ ಒಂದು ಬಿನ್ನಹ: ಗದರಿಕೆಗೆ ಅಂಜಿ ನಿಜವನ್ನು ನುಂಗಬೇಡಿರಿ; ಚೀಲ ಒದ್ದೆಯಾಗಿದ್ದರೆ ಒದ್ದೆಯೆಂದೇ ಹೇಳಿರಿ.

ಈ ಊರಿನ ಕಟ್ಟೆಯಲ್ಲಿ ಬಂಡಿಯನ್ನು ನಿಲ್ಲಿಸಿ ಕೇಳುತ್ತಿದ್ದಂತೆ ನಮ್ಮ ನಾಲಗೆಯ ಬಾಗಿಲಲ್ಲಿಯೂ, ಕಿವಿಯ ಬಾಗಿಲಲ್ಲಿಯೂ ಒಳಗೇನಿದೆ ಎಂದು ಕೇಳುವವನೊಬ್ಬನಿರಲಿ. ಎರಡು ಮಾತೆಂದು ಹೇಳಿ ಹೆಚ್ಚು ಆಡಿದ್ದೇನೆ. ಅದರ ಸುಂಕವನ್ನು ಶ್ರೀಗುರುವಿನ ಪಾದಕ್ಕೆ ಒಪ್ಪಿಸಿ ವಿರಮಿಸುವೆನು.