ಕುಡಿತ ಬಿಟ್ಟವರ ಕೂಟ
(ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಸಾಧಾರಣವಾಗಿ ನಾನು ನಿಮ್ಮ ಮುಂದೆ ಬಿತ್ತನೆ ಬೀಜ, ಗೊಬ್ಬರ, ಪೈರಿನ ರೋಗಗಳ ವಿಷಯ ಮಾತನಾಡುವವನು. ಈ ದಿನ ಕುಡಿತ ಬಿಡಬೇಕೆನ್ನುವವರಿಗೆ ದೊರೆಯುವ ಒಂದು ನೆರವಿನ ವಿಷಯ ಹೇಳಬೇಕೆಂದಿದ್ದೇನೆ. ಇದೂ ಬೇಸಾಯದ ಮಾತೇ. ಗೊಬ್ಬರಕ್ಕೆಂದು ತಂದ ಸಾಲ ಮದ್ಯದಂಗಡಿಗೆ ಹೋದರೆ ಪೈರು ಬಡವಾಗುತ್ತದೆ. ಹದ ಬಂದ ದಿನ ಮನೆಯ ಯಜಮಾನ ಏಳಲಾರದೆ ಮಲಗಿದರೆ ಹದ ಅವನಿಗಾಗಿ ಕಾಯುವುದಿಲ್ಲ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಕುಡಿತ ಮಾತ್ರ ನಿಲ್ಲಲಿಲ್ಲ. ಕುಡಿಯುವವರು ಬೇರೆ ಮದ್ಯಕ್ಕೆ ತಿರುಗಿದರು. ಅಂಗಡಿಗೆ ಬೀಗ ಹಾಕಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ.

ಹೌದು, ಇದನ್ನು ವೈದ್ಯರು ಕಾಯಿಲೆಯೆಂದೇ ಹೇಳುತ್ತಾರೆ. ಬಹುಕಾಲ ದಿನವೂ ಹೆಚ್ಚಾಗಿ ಕುಡಿದವನ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆಗೇಡು ಬರುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವಾಗ ಭ್ರಮೆ ಹಿಡಿದು ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಇದು ಗಾಳಿ ಸೋಕಿದ್ದಲ್ಲ. ಜೀವಕ್ಕೆ ಅಪಾಯವಾದ ಸ್ಥಿತಿ. ಆದಕಾರಣ ಅಂಥವರು ಮೊದಲು ವೈದ್ಯರನ್ನು ಕಂಡು, ಅವರು ಹೇಳಿದಂತೆ ಬಿಡತಕ್ಕದ್ದು. ತಾಯಂದಿರಲ್ಲಿ ಒಂದು ಮಾತು: ಕುಡಿತ ಬಿಡಿಸುವ ಮಾತ್ರೆಯೆಂದು ಯಾರೋ ಕೊಟ್ಟದ್ದನ್ನು ಗುಟ್ಟಾಗಿ ಸಾರಿನಲ್ಲಿ ಬೆರೆಸಬೇಡಿ. ಅಂಥ ಕೆಲವು ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ಪ್ರಾಣಕ್ಕೇ ಮುಳುವಾದೀತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನು? ಚೌಳು ಭೂಮಿಯನ್ನು ನೆನೆಯಿರಿ. ಜಿಪ್ಸಂ ಹಾಕಿ, ನೀರು ನಿಲ್ಲಿಸಿ ತೊಳೆದರೆ ಭೂಮಿ ಸುಧಾರಿಸುತ್ತದೆ. ಆದರೆ ಬಸಿಗಾಲುವೆ ಇಲ್ಲದಿದ್ದರೆ ಚೌಳು ಮತ್ತೆ ಮೇಲೇಳುತ್ತದೆ. ಆಸ್ಪತ್ರೆ ಮಾಡುವುದು ತೊಳೆಯುವ ಕೆಲಸ. ಬಸಿಗಾಲುವೆಯ ಕೆಲಸವನ್ನು ಕುಡಿತ ಬಿಟ್ಟವರ ಕೂಟ ಮಾಡುತ್ತದೆ.

ಈ ಕೂಟ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಪಟ್ಟಣದಲ್ಲಿ. ಬಿಲ್ ವಿಲ್ಸನ್ ಎಂಬ ಷೇರು ವ್ಯಾಪಾರಿ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟು, ಮತ್ತೆ ಕುಡಿಯುವ ಆಸೆ ಎಳೆಯತೊಡಗಿತು. ಆಗ ಆತ ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ ಇನ್ನೊಬ್ಬರನ್ನು ಹುಡುಕಿದ. ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಇಬ್ಬರೂ ತಮ್ಮ ಪಾಡು ಹೇಳಿಕೊಂಡು ಒಬ್ಬರಿಗೊಬ್ಬರು ಆಸರೆಯಾದರು. ಅದೇ ಬೆಳೆದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಂದರೆ ಏ.ಏ., ಎಂಬ ಸಂಸ್ಥೆಯಾಯಿತು. 1957ರಲ್ಲಿ ಭಾರತಕ್ಕೂ ಬಂದಿತು.

ಅಲ್ಲಿ ನಡೆಯುವುದೇನು? ಬಂದವರು ಒಟ್ಟಿಗೆ ಕೂರುತ್ತಾರೆ. ಒಬ್ಬೊಬ್ಬರಾಗಿ ತಾವು ಕುಡಿಯುತ್ತಿದ್ದುದು, ಬಿಟ್ಟದ್ದು, ಈಗ ದಿನ ಕಳೆಯುತ್ತಿರುವ ರೀತಿ ಇವನ್ನು ಹೇಳುತ್ತಾರೆ. ಉಳಿದವರು ಕೇಳುತ್ತಾರೆ, ಬೈಯುವವರಿಲ್ಲ, ತೀರ್ಪು ಕೊಡುವವರಿಲ್ಲ. ಹೊಸಬರು ಸುಮ್ಮನೆ ಕೇಳಿಕೊಂಡು ಎದ್ದು ಬರಬಹುದು. ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಜೀವಮಾನವೆಲ್ಲ ಮುಟ್ಟುವುದಿಲ್ಲವೆಂದು ಆಣೆಯಿಡಿಸುವುದಿಲ್ಲ. ಈ ಹೊತ್ತು ಒಂದು ದಿನ ಕುಡಿಯದಿರೋಣ ಎನ್ನುತ್ತಾರೆ. ಮನೆಯವರಿಗಾಗಿ ಅಲನಾನ್ ಎಂಬ ಬೇರೆ ಕೂಟಗಳಿವೆ.

ನಮ್ಮ ನಾಡಿನಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸಿ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸಾ ವಿಭಾಗವಿದೆ.

ಹತ್ತಿರದ ಕೂಟವನ್ನು ಹುಡುಕುವ ಬಗೆ ಹೀಗೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ವಿಚಾರಿಸಿ. ವ್ಯಸನ ಬಿಡುವವರಿಗಾಗಿ 14446, ಮನಸ್ಸಿನ ತೊಂದರೆಗಳಿಗಾಗಿ 14416 ಎಂಬ ಸರ್ಕಾರದ ದೂರವಾಣಿಗಳಿವೆ, ಕರೆಗೆ ಹಣವಿಲ್ಲ. ಮೊದಲು ಹೋದ ಕೂಟ ಮನಸ್ಸಿಗೆ ಹಿಡಿಸದಿದ್ದರೆ ಇನ್ನೊಂದನ್ನು ನೋಡಿ.

"ನಾಲ್ಕು ಜನರ ಎದುರು ಹೇಳಿಕೊಂಡರೆ ಮಾನ ಹೋಗುವುದಿಲ್ಲವೇ?" ಎಂದು ನೀವು ಕೇಳಬಹುದು. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕೆಂಬುದು ಕೂಟದ ಕಟ್ಟುಪಾಡು. ಊರಿನ ಕಣ್ಣಿಗೆ ಹೆದರುವವರು ಪೇಟೆಯ ಕೂಟಕ್ಕೆ ಹೋಗಬಹುದು. ಅದು ಸಂತೆಯ ದಿನವೇ ಇದ್ದರೆ ಇನ್ನೂ ಅನುಕೂಲ. ಯಾಕೆ ಹೊರಟೆಯೆಂದು ಯಾರೂ ಕೇಳುವುದಿಲ್ಲ. ಕುಡಿದು ದಾರಿಯಲ್ಲಿ ಬಿದ್ದದ್ದನ್ನು ಊರೆಲ್ಲ ನೋಡಿರುವಾಗ, ಏಳುವುದನ್ನು ಹತ್ತು ಜನ ನೋಡಿದರೆ ನಷ್ಟವೇನು?

ನಡುವೆ ಒಬ್ಬರು ಎಡವಿ ಮತ್ತೆ ಕುಡಿಯಬಹುದು. ಒಂದು ಮಳೆ ಕೈಕೊಟ್ಟಿತೆಂದು ನಾವು ಹೊಲ ಬೀಳುಬಿಡುವುದಿಲ್ಲ. ಅವರನ್ನು ಹಂಗಿಸದೆ ಮತ್ತೆ ಕೂಟಕ್ಕೆ ಕಳುಹಿಸಿ. ಬಸಿಗಾಲುವೆಯ ಹೂಳನ್ನು ವರ್ಷವರ್ಷವೂ ತೆಗೆಯುವಂತೆ, ಬಿಟ್ಟು ಹತ್ತು ವರ್ಷವಾದವರೂ ಕೂಟಕ್ಕೆ ಬರುತ್ತಾರೆ. ಹೊಸಬನಿಗೆ ಕೈಕೊಡುವುದರಿಂದ ಅವರ ಕಾಲೂ ಗಟ್ಟಿಯಾಗುತ್ತದೆ.

ಪಂಚಾಯಿತಿಯ ಹಿರಿಯರಲ್ಲಿ ಒಂದು ವಿನಂತಿ. ಇಂಥ ಕೂಟಕ್ಕೆ ಬೇಕಾದದ್ದು ವಾರದಲ್ಲಿ ಒಂದು ಸಂಜೆ ಒಂದು ಕೋಣೆ, ಒಂದು ದೀಪ, ಒಂದು ಜಮಖಾನೆ. ಇಷ್ಟನ್ನು ಒದಗಿಸಿಕೊಡಿ, ಬಾಗಿಲ ಬಳಿ ನಿಂತು ಯಾರು ಬಂದರೆಂದು ಮಾತ್ರ ಎಣಿಸಬೇಡಿ.